ಹಡಗಿನ ಅಳತೆಗೆ ತಕ್ಕ ಪರಿಹಾರ

2021ನೆಯ ಇಸವಿಯ ಮೇ ತಿಂಗಳ ಕೊನೆಯ ವಾರ. ಶ್ರೀಲಂಕೆಯ ಪಶ್ಚಿಮ ತೀರದಲ್ಲಿ, ನೆಗೊಂಬೊ ಪಟ್ಟಣದ ಆಸುಪಾಸಿನ ಮರಳದಂಡೆಯ ಮೇಲೆ ಯಾರೋ ಸಬ್ಬಕ್ಕಿಯನ್ನು ಮೂಟೆಗಟ್ಟಲೆ ಸುರಿದುಹೋದಂತೆ ಬಿಳಿಯ ಕಾಳುಗಳು ಹರಡಿದ್ದುವು. ಒಂದೊಂದು ತೆರೆಯೂ ಇನ್ನಷ್ಟನ್ನು ತಂದು ಚೆಲ್ಲುತ್ತಿದ್ದಿತು. ಮೈತುಂಬ ರಕ್ಷಣೆಯ ಉಡುಪು ತೊಟ್ಟ ಸೈನಿಕರು ಅವನ್ನು ಗೋರಿ ಗೋರಿ ಚೀಲಗಳಿಗೆ ತುಂಬುತ್ತಿದ್ದರು. ಬಕೆಟ್ಟು, ಬಾಟಲಿ, ಚೀಲಗಳನ್ನು ತಯಾರಿಸುವ ಕಾರ್ಖಾನೆಗಳಿಗೆ ಕಚ್ಚಾ ವಸ್ತುವಾದ ಪ್ಲಾಸ್ಟಿಕ್ ಗುಳಿಗೆಗಳವು. ಕೊಲಂಬೊ ಬಂದರಿನಿಂದ ಒಂಬತ್ತು ಹತ್ತು ನಾವಿಕ ಮೈಲಿಗಳಾಚೆ ಹೊತ್ತಿ ಉರಿಯುತ್ತಿದ್ದ ಹಡಗಿನಿಂದ ಅವು ಬಂದಿದ್ದುವು.

ಹಡಗಿನ ಹೆಸರು ‘ಎಕ್ಸ್-ಪ್ರೆಸ್ ಪರ್ಲ್’. ಸಿಂಗಪುರದ ಧ್ವಜ ಹೊತ್ತ ಈ ಹಡಗು ನೀರಿಗಿಳಿದು ಕೆಲವೇ ತಿಂಗಳಾಗಿದ್ದಿತು. ಅದರ ಮೇಲಿದ್ದುವು 1,486 ಕಂಟೇನರುಗಳು. ಅವುಗಳಲ್ಲಿ 81ರಲ್ಲಿ ಅಪಾಯಕಾರಿ ಸರಕು. ಅಕ್ಕಸಾಲಿಗರು ಚಿನ್ನವನ್ನು ಶೋಧಿಸಲು ತೊಟ್ಟುತೊಟ್ಟಾಗಿ ಬಳಸುವ ನೈಟ್ರಿಕ್ ಆಮ್ಲವೇ 25 ಟನ್ನು ಇದ್ದಿತು.

ಬೆಂಕಿಗೆ ಒಂದು ವಾರ ಮೊದಲೇ ಆಮ್ಲದ ಕಂಟೇನರೊಂದು ಸೋರುತ್ತಿರುವುದು ನಾವಿಕರ ಕಣ್ಣಿಗೆ ಬಿದ್ದಿದ್ದಿತು. ಅದನ್ನು ಇಳಿಸಿಕೊಳ್ಳಿರೆಂದು ಕತಾರಿನ ಹಮದ್ ಬಂದರನ್ನೂ ನಮ್ಮ ಗುಜರಾತಿನ ಹಜೀರಾ ಬಂದರನ್ನೂ ಕೇಳಿಕೊಳ್ಳಲಾಯಿತು. ಎರಡು ಕಡೆಯೂ ಆಗದೆಂಬ ಉತ್ತರ ಬಂದಿತು. ಸೋರುವ ಗಡಿಗೆಯನ್ನು ಯಾರ ಜಗಲಿಯವರು ತಾನೆ ಬರಮಾಡಿಕೊಂಡಾರು! ಹಡಗು ಕೊಲಂಬೊದೆಡೆಗೆ ಸಾಗಿತು. ಮೇ 20ರಂದು ಬೆಂಕಿ ಕಾಣಿಸಿಕೊಂಡಿತು. 25ರಂದು ಸ್ಫೋಟವಾಗಿ ಇಪ್ಪತ್ತೈದು ಮಂದಿ ನಾವಿಕರನ್ನು ಕೆಳಗಿಳಿಸಬೇಕಾಯಿತು. ಭಾರತದ ಕರಾವಳಿ ರಕ್ಷಣಾ ಪಡೆಯ ಹಡಗುಗಳು ಧಾವಿಸಿ ನೀರೆರಚಿದುವು. ಜೂನ್ 2ರಂದು ಆಳ ಸಮುದ್ರಕ್ಕೆ ಎಳೆದೊಯ್ಯುವ ಯತ್ನದಲ್ಲಿ ಹಡಗಿನ ಹಿಂಭಾಗ ಕಡಲ ತಳಕ್ಕೆ ಕುಸಿಯಿತು.

ಸುಮಾರು 1,680 ಟನ್ನು ಗುಳಿಗೆಗಳು ಕಡಲ ಪಾಲಾದುವು. ಸತ್ತ ಕಡಲಾಮೆಗಳು ನೂರಾರು ಸಂಖ್ಯೆಯಲ್ಲಿ ದಡ ಸೇರಿದುವು. ಮೀನು ಹಿಡಿಯಕೂಡದೆಂದು ಸರ್ಕಾರ ನಿಷೇಧ ಹೊರಡಿಸಿತು. ಅಂದಂದಿನ ದುಡಿಮೆಯಲ್ಲಿ ಅಂದಂದಿನ ಅನ್ನ ಕಾಣುವ ಬೆಸ್ತರ ಕೇರಿಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಯಿತು. ಈ ನಷ್ಟವನ್ನು ತುಂಬಿಕೊಡುವವರು ಯಾರು?

ಕಡಲ ಕಾನೂನಿನ ಉತ್ತರ ನೆಲದ ಮೇಲಿನ ನ್ಯಾಯಕ್ಕೆ ಒಗ್ಗಿದವರಿಗೆ ವಿಚಿತ್ರವಾಗಿ ತೋರಬಹುದು. ಲಾರಿಯೊಂದು ಮನೆಗೆ ನುಗ್ಗಿದರೆ ಬಿದ್ದ ಗೋಡೆಯ ಬೆಲೆಯನ್ನು ಲೆಕ್ಕ ಹಾಕುತ್ತಾರೆಯೇ ಹೊರತು ಲಾರಿಯ ಉದ್ದಗಲವನ್ನಲ್ಲ. ಕಡಲಿನಲ್ಲಾದರೋ ಹಡಗಿನ ಗಾತ್ರವೇ ಮುಖ್ಯ. 1976ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ ಮಾಲೀಕನ ಹೊಣೆಗೆ ಹಡಗಿನ ಟನ್ನುಗಳ ಲೆಕ್ಕದಲ್ಲಿ ಒಂದು ಮಿತಿಯುಂಟು. ಮಾಲೀಕನೇ ಬೇಕೆಂದು ಕೆಡುಕು ಮಾಡಿದನೆಂದಾಗಲಿ, ಹಾನಿಯಾದೀತೆಂದು ತಿಳಿದೂ ಅಲಕ್ಷಿಸಿದನೆಂದಾಗಲಿ ರುಜುವಾತಾದರಲ್ಲದೆ ಆ ಮಿತಿ ಮುರಿಯದು. ಒಂದೇ ಬಿರುಗಾಳಿಯಲ್ಲಿ ಸರ್ವಸ್ವವನ್ನೂ ಕಳೆದುಕೊಳ್ಳುವ ಭಯವಿದ್ದರೆ ಹಡಗು ಕಟ್ಟುವವರೇ ಇರುವುದಿಲ್ಲವೆಂಬುದು ಇದರ ಹಿಂದಿನ ಹಳೆಯ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ಅದು ಹುಟ್ಟಿದ್ದು ಹಾಯಿ ಹಡಗುಗಳ ಕಾಲದಲ್ಲಿ.

ಎಣ್ಣೆಯ ವಿಷಯದಲ್ಲಿ ಜಗತ್ತು ಬೇಗನೆ ಎಚ್ಚೆತ್ತಿತು. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಬಳಿ ‘ಟಾರಿ ಕ್ಯಾನಿಯನ್’ ಎಂಬ ಎಣ್ಣೆ ಹಡಗು ಬಂಡೆಗೆ ಬಡಿದು ಒಡೆದ ಮೇಲೆ, 1969 ಮತ್ತು 1971ರಲ್ಲಿ ಎರಡು ಒಡಂಬಡಿಕೆಗಳು ಸಿದ್ಧವಾದುವು. ಮೊದಲು ಹಡಗಿನ ವಿಮೆ ಕೊಡಬೇಕು; ಸಾಲದಿದ್ದರೆ ಎಣ್ಣೆಯನ್ನು ತರಿಸಿಕೊಳ್ಳುವ ವ್ಯಾಪಾರಿಗಳ ವಂತಿಗೆಯಿಂದ ಕೂಡಿದ ನಿಧಿ ಕೊಡಬೇಕು. ಸರಕಿನಿಂದ ಲಾಭ ಪಡೆಯುವವನು ಸರಕಿನ ಅಪಾಯದಲ್ಲಿಯೂ ಪಾಲುಗೊಳ್ಳಲಿ ಎಂಬ ತತ್ತ್ವವಿದು.

ಆಮ್ಲ, ಅನಿಲ, ವಿಷದ್ರವ್ಯಗಳಿಗೂ ಇದೇ ಮಾದರಿಯ ಒಡಂಬಡಿಕೆಯನ್ನು 1996ರಲ್ಲಿ ಲಂಡನ್ನಿನಲ್ಲಿ ಬರೆಯಲಾಯಿತು. ಸಾಕಷ್ಟು ದೇಶಗಳು ಮುಂದೆ ಬರಲಿಲ್ಲ. 2010ರಲ್ಲಿ ತಿದ್ದಿ ಮತ್ತೆ ಬರೆದರು. ಪರಿಹಾರದ ಒಟ್ಟು ಮಿತಿಯನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ 25 ಕೋಟಿ ಮಾನಗಳೆಂದು ಇಟ್ಟರು. ಜಾರಿಗೆ ಬರಲು ಕನಿಷ್ಠ ಹನ್ನೆರಡು ದೇಶಗಳು ಒಪ್ಪಬೇಕು. ಅವುಗಳ ವ್ಯಾಪಾರಿಗಳು ತರಿಸಿಕೊಳ್ಳುವ ಇಂತಹ ಸರಕು 4 ಕೋಟಿ ಟನ್ನಾದರೂ ಇರಬೇಕು. ‘ಪರ್ಲ್’ ಹಡಗು ಉರಿದ ದಿನ, ಮೊದಲ ಸಹಿಗಳಾಗಿ ಇಪ್ಪತ್ತೈದು ವರ್ಷ ಕಳೆದಿದ್ದರೂ, ಅದು ಜಾರಿಗೆ ಬಂದಿರಲಿಲ್ಲ. ಇನ್ನೊಂದು ವಿಪರ್ಯಾಸ: ಅದು ಅವಲಂಬಿಸುವ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಗುಳಿಗೆಯ ಹೆಸರೇ ಇರಲಿಲ್ಲ.

ಹಡಗಿನ ಮಾಲೀಕರು ಲಂಡನ್ನಿನ ನೌಕಾ ನ್ಯಾಯಾಲಯದ ಮೊರೆಹೊಕ್ಕರು. 2023ರ ಜುಲೈ ತಿಂಗಳಲ್ಲಿ ಅವರ ಹೊಣೆ ಸುಮಾರು 1 ಕೋಟಿ 90 ಲಕ್ಷ ಪೌಂಡುಗಳನ್ನು ಮೀರದೆಂದು ಅಲ್ಲಿ ನಿರ್ಣಯವಾಯಿತು. ಎರಡು ವರ್ಷಗಳ ಅನಂತರ, 2025ರ ಜುಲೈಯಲ್ಲಿ, ಶ್ರೀಲಂಕೆಯ ಸರ್ವೋಚ್ಚ ನ್ಯಾಯಾಲಯ ನೂರು ಕೋಟಿ ಡಾಲರು ತೆರಬೇಕೆಂದು ತೀರ್ಪಿತ್ತಿತು. ಒಂದೇ ಹಡಗು, ಒಂದೇ ಬೆಂಕಿ, ಎರಡು ತಕ್ಕಡಿಗಳು. ಒಂದರಲ್ಲಿ ತೂಗಿದ್ದು ಹಡಗನ್ನು, ಇನ್ನೊಂದರಲ್ಲಿ ಹಾಳಾದ ಕಡಲನ್ನು. ಹಡಗು ಸಂಸ್ಥೆ ಹಣ ತೆರಲು ಒಪ್ಪಲಿಲ್ಲ. ಅವಶೇಷವನ್ನೆತ್ತಲು, ತೀರವನ್ನು ಶುಚಿಗೊಳಿಸಲು, ಬೆಸ್ತರಿಗೆ ನೆರವಾಗಲು ಈಗಾಗಲೇ 15 ಕೋಟಿ ಡಾಲರಿಗೂ ಮಿಕ್ಕಿ ವೆಚ್ಚವಾಗಿದೆಯೆಂದೂ, ಮಿತಿಯಿಲ್ಲದ ಹೊಣೆ ಹೊರಿಸಿದರೆ ಕಡಲ ವ್ಯಾಪಾರದ ಬುನಾದಿಯೇ ಅಲುಗುವುದೆಂದೂ ಅದರ ವಾದ.

ನಮ್ಮ ಪಡುವಣ ಕರಾವಳಿಗೂ ಇದು ದೂರದ ಕಥೆಯಲ್ಲ. 2025ರ ಮೇ ತಿಂಗಳಲ್ಲಿ ಕೇರಳದ ಬಳಿ ‘ಎಂಎಸ್‌ಸಿ ಎಲ್ಸಾ 3’ 640 ಕಂಟೇನರುಗಳೊಡನೆ ಮುಳುಗಿತು. ಅಂತಹವೇ ಬಿಳಿಯ ಗುಳಿಗೆಗಳು ತಿರುವನಂತಪುರದ ದಡಕ್ಕೂ ಬಂದುವು. ಕೇರಳ ಸರ್ಕಾರ 9,531 ಕೋಟಿ ರೂಪಾಯಿಗಳ ದಾವೆ ಹೂಡಿತು. ಮರುತಿಂಗಳು ‘ವಾನ್ ಹೈ 503’ ಹೊತ್ತಿ ಉರಿದಾಗ ಬದುಕುಳಿದ ಹದಿನೆಂಟು ನಾವಿಕರನ್ನು ಕರೆತಂದುದು ಮಂಗಳೂರಿಗೆ, ನಾಲ್ವರು ಕಾಣೆಯಾಗಿದ್ದರು.

ಇತ್ತ ನೆಗೊಂಬೊ ತೀರದಲ್ಲಿ, ವಕೀಲರು ವಾದಿಸುತ್ತಿದ್ದಷ್ಟು ಕಾಲವೂ, ಜರಡಿ ಹಿಡಿದು ಮರಳನ್ನು ಸೋಸುವ ಕೆಲಸ ನಡೆದೇ ಇದ್ದಿತು. ಹೆಕ್ಕಿ ಮುಗಿಯಿತೆನ್ನುವಷ್ಟರಲ್ಲಿ ಮುಂಗಾರಿನ ತೆರೆಗಳು ಇನ್ನೊಂದು ಹಿಡಿ ಕಾಳುಗಳನ್ನು ತಂದು ಹಾಕುತ್ತಿದ್ದುವು.