ಚಾವಡಿಯ ಹಿಂದಿನ ಮನೆ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಹೊರಟ ಯಾತ್ರಿಕರು ಲಿಂಗದಹಳ್ಳಿಯನ್ನು ದಾಟಿ ಕಲ್ಲತ್ತಿಗಿರಿಯ ಶ್ರೀ ವೀರಭದ್ರಸ್ವಾಮಿಯ ಸನ್ನಿಧಿಯನ್ನು ಸೇರುತ್ತಾರೆ. ಬಾಬಾಬುಡನ್ ಗಿರಿಶ್ರೇಣಿಯ ತಪ್ಪಲಿನ ಈ ಊರು ತರೀಕೆರೆ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸೆರಗಿನ ನಾಡಿದು. ಹೋಬಳಿಯೆಂದಮೇಲೆ ಸರ್ಕಾರದ ಚಾಕರಿಯವರು ಇದ್ದೇ ಇರುತ್ತಾರೆ. ಹಿಂದೆ ಶೇಕದಾರರು, ಪಟೇಲರು, ಶಾನುಭೋಗರು ಇದ್ದರು. ಇಂದು ರಾಜಸ್ವ ನಿರೀಕ್ಷಕರು, ಗ್ರಾಮ ಆಡಳಿತಾಧಿಕಾರಿಗಳು, ಉಪಾಧ್ಯಾಯರು, ಅಂಚೆಯವರು ಇದ್ದಾರೆ. ಇಂತಹ ಊರುಗಳ ಚರಿತ್ರೆಯನ್ನು ಬರೆಯುವವರು ಚಾವಡಿಯವರೆಗೆ ಬಂದು ನಿಂತುಬಿಡುವುದೇ ವಾಡಿಕೆ. ಚಾವಡಿಯ ಹಿಂದೆ ಒಂದು ಮನೆಯಿತ್ತು, ಆ ಮನೆಯಲ್ಲಿ ಒಂದು ಒಲೆ ಉರಿಯುತ್ತಿತ್ತು ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಮೈಸೂರು ಸಂಸ್ಥಾನದ ಕಾಲದಲ್ಲಿ, ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದು ಹೆಸರಿದ್ದಾಗ, ಗ್ರಾಮಾಧಿಕಾರವು ವಂಶಪಾರಂಪರ್ಯವಾಗಿ ಬರುವ ಹಕ್ಕಾಗಿತ್ತು. ಪಟೇಲನ ಮಗ ಪಟೇಲ, ಶಾನುಭೋಗನ ಮಗ ಶಾನುಭೋಗ. ಕಂದಾಯದ ಕಿಸ್ತು ವಸೂಲಿ, ಜನನ ಮರಣಗಳ ದಾಖಲೆ, ಕಳವು ಜಗಳಗಳ ವರದಿ, ಜಮಾಬಂದಿಗೆ ಬಂದ ಅಮಲ್ದಾರರ ಮೊಕ್ಕಾಮಿನ ಏರ್ಪಾಡು ಇವೆಲ್ಲ ಪಟೇಲರ ಹೊಣೆ. ಪಹಣಿ, ಖಾತೆ, ಕಿರ್ದಿಗಳು ಶಾನುಭೋಗರ ವಶ. ಇದಕ್ಕೆ ಪ್ರತಿಫಲವೆಂದರೆ ಇನಾಮು ಭೂಮಿ ಅಥವಾ ಪೊಟಗಿ ಎಂಬ ಅಲ್ಪ ಹಣ. ಪುರುಷನಿಗೆ ಹುದ್ದೆ, ಮನೆಮಂದಿಗೆಲ್ಲ ದುಡಿಮೆ ಎಂಬುದು ಇದರ ತಾತ್ಪರ್ಯ. ತಂದೆಗೆ ಕಣ್ಣು ಮಂಜಾದರೆ ಮಗ ಕುಳಿತು ಪಹಣಿಯ ಪ್ರತಿ ತೆಗೆಯುತ್ತಿದ್ದ. ಹೊತ್ತು ಮುಳುಗಿದ ಮೇಲೆ ಸವಾರಿ ಬಂದರೆ ಒಲೆ ಹೊತ್ತಿಸಿ ರೊಟ್ಟಿ ತಟ್ಟುವವಳು ಗೃಹಿಣಿ. ಪಟೇಲರ ಅತಿಥಿಸತ್ಕಾರವನ್ನು ಊರೆಲ್ಲ ಕೊಂಡಾಡುತ್ತಿತ್ತು. ಆ ಸತ್ಕಾರದಲ್ಲಿ ಪಟೇಲರು ಬೇಯಿಸಿದ್ದೇನೂ ಇರುತ್ತಿರಲಿಲ್ಲವೆಂಬುದನ್ನು ನಮ್ಮ ಗಂಡಸರು ಸ್ವಲ್ಪ ನೆನೆಯುವುದು ಒಳ್ಳೆಯದು.

ನಮ್ಮ ಸಮಾಜಕ್ಕೆ ಈ ವಿಷಯ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಬಹುದು. ಸುಂಕದ ಬಂಕಣ್ಣ, ಬೊಕ್ಕಸದ ಚಿಕ್ಕಣ್ಣ, ತಳವಾರ ಕಾಮಿದೇವಯ್ಯ ಇವರೆಲ್ಲರ ಹೆಸರಿನ ಹಿಂದೆಯೂ ಒಂದೊಂದು ಸಾರ್ವಜನಿಕ ಕಾಯಕವಿದೆ. ಸ್ವತಃ ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂಬ ದೂರು ಅರಸನ ಕಿವಿಗೆ ಬಿದ್ದಾಗ ಲೆಕ್ಕ ತೆಗೆಸಿ ನೋಡಲು ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪವಾಡದ ಭಾಗವನ್ನು ಬದಿಗಿಟ್ಟರೂ, ಸಾರ್ವಜನಿಕ ಹಣವನ್ನು ಹಿಡಿದವನು ಲೆಕ್ಕ ಕೇಳಿದ ದಿನ ಲೆಕ್ಕ ಕೊಡಬೇಕು ಎಂಬ ನಿರೀಕ್ಷೆ ಆ ಕಥೆಯಲ್ಲಿ ಸ್ಪಷ್ಟವಾಗಿದೆ.

ಆದರೆ ಚಾವಡಿಯ ಹಿಂದಿನ ಮನೆಗೆ ಹೆಚ್ಚು ಹತ್ತಿರವಾದುದು ಆಯ್ದಕ್ಕಿ ದಂಪತಿಗಳ ಕಥೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲೇರಿಸಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿದಳು. ಅಡಿಕೆಯ ಸೀಮೆಯಲ್ಲಿ ಸರ್ಕಾರಿ ನೌಕರರ ಮನೆಗೆ ಆಮಿಷವು ನೋಟಿನ ಕಂತೆಯಾಗಿಯೇ ಬರಬೇಕೆಂದಿಲ್ಲ. ಹಿತ್ತಲ ಬಾಗಿಲಿಗೆ ಒಂದು ಬಾಳೆಗೊನೆ, ನಾಲ್ಕು ತೆಂಗಿನಕಾಯಿ, ಹಬ್ಬದ ಮುನ್ನಾದಿನ ಒಂದು ತಂಬಿಗೆ ತುಪ್ಪ, ಇಷ್ಟೇ. “ನಮ್ಮ ತೋಟದ್ದು ತಾಯಿ, ಬೇಡ ಅನ್ನಬೇಡಿ” ಎಂದು ಕೈಮುಗಿದು ಇಟ್ಟು ಹೋಗುತ್ತಾರೆ. ಅದು ಪ್ರೀತಿಯೋ, ಮುಂದಿನ ವಾರ ಬರಲಿರುವ ಖಾತೆ ಬದಲಾವಣೆಯ ಅರ್ಜಿಯ ಮುಂಗಡವೋ ಎಂದು ಬಾಗಿಲಲ್ಲಿ ನಿಂತ ಹೆಣ್ಣುಮಗಳು ಆ ಕ್ಷಣದಲ್ಲಿಯೇ ತೀರ್ಮಾನಿಸಬೇಕು. ಯಜಮಾನರು ಕಚೇರಿಯಲ್ಲಿರುತ್ತಾರೆ. ಬೇಡವೆಂದರೆ ಜಂಭದವಳೆಂಬ ಮಾತು. ತೆಗೆದುಕೊಂಡರೆ ಸಂಜೆಯೊಳಗೆ ಊರಿಗೆಲ್ಲ ತಿಳಿದಿರುತ್ತದೆ. ನೌಕರನ ಪ್ರಾಮಾಣಿಕತೆಯ ಅರ್ಧ ಭಾಗ, ನಮ್ಮ ಅಭಿಪ್ರಾಯದಲ್ಲಿ ಅರ್ಧಕ್ಕೂ ಹೆಚ್ಚು, ಈ ಹಿತ್ತಲ ಬಾಗಿಲಿನಲ್ಲಿಯೇ ಇತ್ಯರ್ಥವಾಗುತ್ತದೆ. ಸೇವಾ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಹಳೆಯ ವ್ಯವಸ್ಥೆಯನ್ನು ಹೊಗಳುವವರು ಇನ್ನೊಂದನ್ನೂ ಮರೆಯಬಾರದು. ತೋಟಿ, ತಳವಾರ, ನೀರಗಂಟಿಗಳ ಹುದ್ದೆಗಳೂ ವಂಶಪಾರಂಪರ್ಯವಾಗಿಯೇ ಬಂದವು. ಪಟೇಲರ ಮನೆಗೆ ಅದು ಗೌರವವಾಗಿತ್ತು. ತೋಟಿಯ ಮನೆಗೆ ಅದು ತಲೆಮಾರುಗಳ ಬಿಟ್ಟಿ ಚಾಕರಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಪರಂಪರೆಯವರಾದ ನಾವು ಇದನ್ನು ಹೇಳದೆ ಬಿಟ್ಟರೆ ಆತ್ಮವಂಚನೆಯಾದೀತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಈ ಎಲ್ಲ ಹಕ್ಕುಗಳನ್ನೂ ಒಟ್ಟಿಗೆ ಕೊನೆಗಾಣಿಸಿತು. ಹುದ್ದೆಗೆ ಸೇರಿದ್ದ ಭೂಮಿಯನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡುವ ಅವಕಾಶವನ್ನೂ ಅದೇ ಕಾಯಿದೆ ಕಲ್ಪಿಸಿತು. ಬಡವರ ಕೈಯಿಂದ ಆ ಭೂಮಿ ಜಾರದಿರಲೆಂದು 15 ವರ್ಷ ಪರಭಾರೆ ಮಾಡಕೂಡದೆಂಬ ನಿರ್ಬಂಧ ಬಂದದ್ದು 1978ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕಾಲ ಮಿಂಚಿದ್ದ ಕುಟುಂಬಗಳೂ ಇದ್ದವು.

ಪಟೇಲರ ಚಾವಡಿಗೆ ಬೀಗ ಬಿತ್ತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅವರೊಡನೆ ವರ್ಗಾವಣೆಯೆಂಬುದೂ ಬಂತು. ಹಳೆಯ ಮನೆಗೆ ಊರು ಬಿಡುವ ಭಯವಿರಲಿಲ್ಲ. ಹೊಸ ಮನೆಗೆ ಊರೇ ಇಲ್ಲ. ಬಾಡಿಗೆ ಮನೆ ಹುಡುಕುವುದು, ನಡುವರ್ಷದಲ್ಲಿ ಮಕ್ಕಳ ಶಾಲೆ ಬದಲಿಸುವುದು, ವೃದ್ಧ ಅತ್ತೆಮಾವಂದಿರನ್ನು ಹುಟ್ಟೂರಿನಲ್ಲಿ ಬಿಟ್ಟುಬರುವುದು ಮಾಮೂಲಾಯಿತು. ಮಲೆನಾಡಿಗೆ ವರ್ಗವೆಂದರೆ ಹಿಂದೆ ಮಲೇರಿಯಾದ ಹೆದರಿಕೆಯಿಂದ ನೌಕರರು ಸಂಸಾರವನ್ನು ಕರೆತರುತ್ತಲೇ ಇರಲಿಲ್ಲವೆಂದು ಹಿರಿಯರು ಹೇಳುತ್ತಾರೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು, ಡಿಡಿಟಿ ಸಿಂಪಡಿಸಿದ ಮೇಲೆ ಆ ಹೆದರಿಕೆ ಕ್ರಮೇಣ ಕಡಿಮೆಯಾಯಿತು. ಈ ಅಲೆದಾಟದಿಂದ ಕೆಲವೊಮ್ಮೆ ನಾಡಿಗೆ ಲಾಭವೂ ಆಗಿದೆ. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1926ರಲ್ಲಿ ಜನಿಸಿದ ಜಿ.ಎಸ್. ಶಿವರುದ್ರಪ್ಪನವರು ಶಾಲಾ ಉಪಾಧ್ಯಾಯರ ಮಗ. ತಂದೆಗೆ ವರ್ಗವಾದ ಊರುಗಳಲ್ಲಿ ಓದುತ್ತ ಬೆಳೆದು, 2006ರಲ್ಲಿ ರಾಷ್ಟ್ರಕವಿಗಳಾದರು.

ಈ ನೂರು ವರ್ಷಗಳಲ್ಲಿ ಮನೆಯ ಹೆಣ್ಣುಮಕ್ಕಳ ಪಾಲು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನೂ ನೋಡಬೇಕು. ಸೇವೆಯಲ್ಲಿರುವಾಗಲೇ ನೌಕರ ತೀರಿಕೊಂಡರೆ ಅವಲಂಬಿತರೊಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವುದಕ್ಕೆ 1996ರ ನಿಯಮಗಳಿವೆ. ಮಗನಿಗೆ ಮದುವೆಯಾಗಿದ್ದರೂ ಅಡ್ಡಿಯಿರಲಿಲ್ಲ, ಮಗಳಾದರೆ ಅವಿವಾಹಿತೆಯಾಗಿರಬೇಕಿತ್ತು. ತಾಯಿಯನ್ನು ನೋಡಿಕೊಳ್ಳುತ್ತಿರುವವಳು ಮದುವೆಯಾದ ಮಗಳೇ ಆಗಿದ್ದರೂ ಅರ್ಜಿ ತಿರಸ್ಕೃತವಾಗುತ್ತಿತ್ತು. 2020ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಭೇದವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಹಕ್ಕು ಕೇಳಿ ನ್ಯಾಯಾಲಯದ ಮೆಟ್ಟಿಲೇರಿದವಳು ದಿವಂಗತ ನೌಕರರೊಬ್ಬರ ವಿವಾಹಿತ ಮಗಳು. ಪಟೇಲಿಕೆಯ ಕಾಲದಲ್ಲಿ ಹಿರಿಯ ಮಗನ ಪಾಲಿಗೆ ಹೋಗುತ್ತಿದ್ದ ತಂದೆಯ ಹುದ್ದೆಯ ಮಾತು, ಅತ್ತೆಮನೆಗೆ ಹೋದ ಮಗಳ ಹೆಸರಿನಲ್ಲಿ ನ್ಯಾಯಪೀಠದ ಮುಂದೆ ನಿಂತದ್ದು ಹೀಗೆ.