ತಾಲೀಮಿಲ್ಲದ ತಾಳಮೇಳ

ಎರಡು ದಿನದ ಮಟ್ಟಿಗೆ ಸ್ಪೇನಿನ ಸೆವಿಲ್ ನಗರಕ್ಕೆ ಹೋಗುತ್ತಿದ್ದೇವೆ, ಫ್ಲಮೆಂಕೊ ನೋಡುವ ಆಸೆ. ಅಲ್ಲಿ ನರ್ತಕಿ, ಗಾಯಕ, ಗಿಟಾರ್ ವಾದಕರು ತಾಲೀಮಿಲ್ಲದೆಯೂ ಒಂದೇ ಕ್ಷಣಕ್ಕೆ ನಿಲ್ಲುತ್ತಾರಂತೆ. ಹೇಗೆ?

ಎಲ್ಲರೊಳಗೂ ಒಂದೇ ತಾಳದ ಆವರ್ತ ಓಡುತ್ತಿರುತ್ತದೆ. ಅದರ ಹೆಸರು ಕೊಂಪಾಸ್. ‘ಸೊಲೆಯಾ’ ಎಂಬ ಗಂಭೀರ ಪ್ರಕಾರವನ್ನೇ ನೋಡಿ: 12 ಎಣಿಕೆಯ ಆವರ್ತ, ಒತ್ತು ಬೀಳುವುದು 3, 6, 8, 10, 12ರ ಮೇಲೆ. ಮೊದಲೆರಡು ಒತ್ತುಗಳ ನಡುವೆ ಅಂತರ ಹೆಚ್ಚು, ಆಮೇಲಿನವು ಹತ್ತಿರ ಹತ್ತಿರ. ಈ ಏರುಪೇರಿನಿಂದಲೇ ಆವರ್ತದ ಯಾವ ಜಾಗದಲ್ಲಿದ್ದೇವೆಂಬುದು ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟುವವರು ಈ ತಾಳವನ್ನು ಸಡಿಲಾಗಲು ಬಿಡುವುದಿಲ್ಲ. ಅವರೂ ಪಳಗಿದ ಕಲಾವಿದರೇ.

ಇನ್ನು ಸನ್ನೆ. ನರ್ತಕಿ ಪಾದದಿಂದ ಜೋರಾಗಿ ಒಂದು ಗುರುತಿನ ಲಯ ಬಡಿಯುತ್ತಾಳೆ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು ಎಂದು ಡ್ರೈವರ್‌ಗೆ ತಿರುಗಿ ನೋಡದೆಯೇ ಗೊತ್ತಾಗುವುದಿಲ್ಲವೇ, ಹಾಗೆ. ಸನ್ನೆ ಸಿಕ್ಕೊಡನೆ ವಾದಕ ಆ ಆವರ್ತವನ್ನು ಹೆಚ್ಚಾಗಿ 10ನೇ ಎಣಿಕೆಗೆ ಮುಗಿಸುತ್ತಾನೆ. ನರ್ತಕಿಯ ಕಾಲೂ ಅಲ್ಲಿಗೇ ಬಂದು ನಿಲ್ಲುತ್ತದೆ. ಗಾಯಕನ ಸರದಿ ಶುರುವಾಗುತ್ತದೆ.

ದೊಡ್ಡ ರಂಗಮಂದಿರಗಳ ಪ್ರದರ್ಶನಕ್ಕೆ ತಾಲೀಮು ಇದ್ದೇ ಇರುತ್ತದೆ. ಸ್ಥಳದಲ್ಲೇ ಹುಟ್ಟುವ ಈ ಮಾತುಕತೆ ನೋಡಬೇಕೆಂದರೆ ‘ತಬ್ಲಾವೊ’ ಎಂಬ ಪುಟ್ಟ ಸಭಾಂಗಣವೇ ಸರಿ. ಹಗಲು ನರ್ತಕಿ ಕ್ರಿಸ್ಟಿನಾ ಓಯೊಸ್ ಸ್ಥಾಪಿಸಿದ ಫ್ಲಮೆಂಕೊ ನೃತ್ಯ ಮ್ಯೂಸಿಯಂ ನೋಡಿ. ಸಂಜೆ ನದಿ ದಾಟಿ, ಫ್ಲಮೆಂಕೊದ ಹಳೆಯ ನೆಲೆಯಾದ ತ್ರಿಯಾನಾದಲ್ಲಿ ಸುತ್ತಾಡಿ. ರಾತ್ರಿಯ ಆಟಕ್ಕೆ ನರ್ತಕಿಯ ಪಾದ ಕಾಣುವ ಸೀಟನ್ನೇ ಕೇಳಿ ಪಡೆಯಿರಿ.