ಪಿಲ್ಚರ್ಡ್ ಮೀನು ಸಾಕಿದ ಕಾರ್ನ್‌ವಾಲ್

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಡಲಿಗೆ ಚಾಚಿಕೊಂಡಿರುವ ಕಾರ್ನ್‌ವಾಲ್ ಕೌಂಟಿ ಬದುಕಿದ್ದು ನೆಲದಡಿಯ ತವರ, ತಾಮ್ರದಿಂದ ಮತ್ತು ಪಿಲ್ಚರ್ಡ್ ಎಂಬ ಮೀನಿನಿಂದ. ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ, ಎಣ್ಣೆ ತುಂಬಿದ ಮೀನಿದು.

ಬೇಸಿಗೆಯ ಕೊನೆಗೆ ಅದು ಹಿಂಡುಗಟ್ಟಿ ದಡದತ್ತ ಬರುತ್ತಿತ್ತು. ಕಡಿದಾದ ದಂಡೆಯ ಮೇಲೆ ಕಾವಲಿಗೆ ನಿಂತ ‘ಹ್ಯೂಯರ್’, ನೀರಿನಲ್ಲಿ ಕೆಂಗಪ್ಪು ನೆರಳು ಸರಿದದ್ದನ್ನೂ ಹಕ್ಕಿಗಳು ಎರಗಿದ್ದನ್ನೂ ಕಂಡೊಡನೆ ತಗಡಿನ ಕಹಳೆಯಲ್ಲಿ ‘ಹೆವ್ವಾ’ ಎಂದು ಕೂಗುತ್ತಿದ್ದ. ಊರಿಗೆ ಊರೇ ಓಡಿ ಬರುತ್ತಿತ್ತು. ಆಮೇಲೆ ಎರಡೂ ಕೈಯಲ್ಲಿ ಕಂಟಿಯ ಕಟ್ಟು ಹಿಡಿದು ಬೀಸುತ್ತ, ಎತ್ತ ತಿರುಗಬೇಕು, ಯಾವಾಗ ಬಲೆ ಬಿಡಬೇಕು ಎಂದು ದೋಣಿಗಳನ್ನು ನಡೆಸುತ್ತಿದ್ದ. ಹಿಂಡು ಎತ್ತ ಹೊರಟಿದೆಯೆಂದು ದೋಣಿಯಲ್ಲಿದ್ದವರಿಗೆ ತಿಳಿಯುತ್ತಿದ್ದುದು ಅವನ ಕೈ ನೋಡಿಯೇ. ಹಿಂಡನ್ನು ಸುತ್ತುಗಟ್ಟುವ ಆ ಬಲೆ, ರಂಪಣಿ ಕಂಡ ನಮ್ಮ ಕರಾವಳಿಯವರಿಗೆ ಹೊಸದೆನಿಸದು. ನ್ಯೂಕ್ವೇ ಊರಿನಲ್ಲಿ ಸುಣ್ಣ ಬಳಿದ ಹ್ಯೂಯರ್ ಮನೆ ಇಂದಿಗೂ ನಿಂತಿದೆ.

ದಡ ಸೇರಿದ ಮೀನು ಹೆಂಗಸರ ಕೈಗೆ ಬರುತ್ತಿತ್ತು. ಈ ಊರುಗಳ ಚರಿತ್ರೆಯಲ್ಲಿ ಅವರ ದುಡಿಮೆಗೆ ಇನ್ನೂ ದೊಡ್ಡ ಜಾಗ ಸಿಗಬೇಕು. ‘ಸೆಲ್ಲರ್’ ಎಂಬ ಕಲ್ಲಿನ ಉಗ್ರಾಣಗಳಲ್ಲಿ ಒಂದು ಪದರ ಉಪ್ಪು, ಒಂದು ಪದರ ಮೀನು, ತಲೆಗಳೆಲ್ಲ ಹೊರಮುಖವಾಗಿ ಎದೆಮಟ್ಟ ಪೇರಿಸಿ ವಾರಗಟ್ಟಲೆ ಬಿಡುತ್ತಿದ್ದರು. ಬಳಿಕ ತೊಳೆದು ಪೀಪಾಯಿಗೆ ತುಂಬಿ, ಉದ್ದನೆಯ ಮರದ ತೊಲೆಗೆ ಕಲ್ಲು ತೂಗುಹಾಕಿ ಒತ್ತಿದರೆ ಎಣ್ಣೆ ಇಳಿಯುತ್ತಿತ್ತು. ಎಣ್ಣೆ ದೀಪಕ್ಕೆ, ಪೀಪಾಯಿ ಇಟಲಿಗೆ. ಉಪವಾಸದ ದಿನಗಳಲ್ಲಿ ಮಾಂಸ ಮುಟ್ಟದ ಅಲ್ಲಿನ ಕ್ಯಾಥೊಲಿಕರೇ ದೊಡ್ಡ ಗಿರಾಕಿಗಳು. ತೊಲೆಯ ತುದಿ ಸಿಗಿಸುತ್ತಿದ್ದ ತೂತುಗಳನ್ನು ಕೆಲವು ಹಳೆಯ ಗೋಡೆಗಳಲ್ಲಿ ಈಗಲೂ ನೋಡಬಹುದು.

ಬಂಗುಡೆಯ ಹೆಸರಿನಲ್ಲಿ ಇಲ್ಲೊಂದು ಗಲಭೆಯೂ ಆಗಿದೆ. ನ್ಯೂಲಿನ್‌ನ ಮೆಥಡಿಸ್ಟ್ ಪಂಥದ ಮೀನುಗಾರರು ಭಾನುವಾರ ಕಡಲಿಗೆ ಇಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಪೂರ್ವ ಕರಾವಳಿಯ ಲೋಸ್ಟಾಫ್ಟ್ ದೋಣಿಗಳು ಇಳಿಯುತ್ತಿದ್ದವು, ಸೋಮವಾರದ ಪೇಟೆಯಲ್ಲಿ ಒಳ್ಳೆಯ ಬೆಲೆಯನ್ನೂ ಪಡೆಯುತ್ತಿದ್ದವು. 1896ರ ಮೇ ತಿಂಗಳಲ್ಲಿ ಊರವರು ಆ ದೋಣಿಗಳನ್ನು ಹತ್ತಿ ಬಂಗುಡೆಯ ರಾಶಿಯನ್ನು ಕಡಲಿಗೆ ಸುರಿದರು. ಸೈನ್ಯ ಬರಬೇಕಾಯಿತು. ಭಕ್ತಿಯಷ್ಟೇ ಹೊಟ್ಟೆಪಾಡೂ ಆ ಸಿಟ್ಟಿನಲ್ಲಿತ್ತು.

20ನೇ ಶತಮಾನದ ಆರಂಭಕ್ಕೆ ಹಿಂಡುಗಳು ದಡಕ್ಕೆ ಬರುವುದು ಅಪರೂಪವಾಗಿ ಹ್ಯೂಯರ್ ಕೆಲಸ ಮುಗಿಯಿತು. ಪಿಲ್ಚರ್ಡ್ ಈಗ ‘ಕಾರ್ನಿಷ್ ಸಾರ್ಡೀನ್’ ಎಂದು ಮಾರಾಟವಾಗುತ್ತದೆ. ನ್ಯೂಲಿನ್ ಬಂದರು ಇಂದಿಗೂ ಗಿಜಿಗುಡುತ್ತದೆ. ಉಳಿದ ಊರುಗಳ ಮುಖ್ಯ ಆದಾಯ ಪ್ರವಾಸಿಗರಿಂದ. ಎಷ್ಟೋ ಮೀನುಗಾರರ ಮನೆಗಳು ಹೊರಗಿನವರ ರಜಾಮನೆಗಳಾಗಿವೆ. ಸೇಂಟ್ ಐವ್ಸ್ ಜನ 2016ರಲ್ಲಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಕಾಯಂ ವಾಸಿಸುವವರಿಗೆ ಸಿಗಬೇಕೆಂದು ಶೇ. 80ಕ್ಕೂ ಹೆಚ್ಚು ಮತಗಳಿಂದ ತೀರ್ಮಾನಿಸಿದರು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ ಅದೇ ವರ್ಷ ಬಿದ್ದುಹೋಯಿತು.